ಬಿದನೂರಿನ ಬಾವಿಯಿಂದ ವೂಲ್‌ವಿಚ್‌ಗೆ: ವಿಲಿಯಂ ಕಾಂಗ್ರೀವ್ ಎಂಬ ನಕಲುಗಾರನ ಕಥೆ

ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಗೆ ನಮ್ಮಲ್ಲಿ ಹೆಚ್ಚಿನವರು ಹೋಗಿರೋದು ಪ್ರೈಮರಿ ಸ್ಕೂಲಲ್ಲಿ, ಸಾಲಾಗಿ ನಿಂತು, ಮಿಸ್ ಹಿಂದೆ. ಇಂಜಿನಿಯರಿಂಗ್ ಸೇರಿದ ಮೇಲೆ ಆ ಕಡೆ ತಲೆ ಹಾಕಿದವರು ಕಡಿಮೆ. ಈ ಸಲ ರಜೆ ಸಿಕ್ಕಾಗ ಒಮ್ಮೆ ಹೋಗಿ ಬನ್ನಿ ಗೆಳೆಯರೇ. ಅಲ್ಲಿನ ವಸ್ತುಗಳ ನಡುವೆ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳಿವೆ. ಒಂದು ಗೇಣು ಉದ್ದ. ನೋಡಿದರೆ ಹಳೇ ಪಂಪ್‌ಸೆಟ್‌ನ ಪೈಪ್ ತುಂಡು ಅನ್ನಿಸುತ್ತೆ. ಅವು ರಾಕೆಟ್‌ಗಳು. ಇನ್ನೂರು ವರ್ಷಕ್ಕೂ ಹಿಂದಿನ, ಮೈಸೂರು ಸೈನ್ಯದ ರಾಕೆಟ್‌ಗಳು.

ಇವು ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲೇ, ಹೊಸನಗರ ತಾಲ್ಲೂಕಿನ ನಗರದಲ್ಲಿ. ಕೆಳದಿ ಅರಸರ ಕಾಲದಲ್ಲಿ ಅದರ ಹೆಸರು ಬಿದನೂರು. 2002ರಲ್ಲಿ ಅಲ್ಲಿನ ಪಾಳು ಬಾವಿಯೊಂದರಲ್ಲಿ 160ಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ತೋಪಿನ ಗುಂಡುಗಳಿರಬೇಕು ಅಂದುಕೊಂಡು ತಂದು ಮ್ಯೂಸಿಯಂನಲ್ಲಿ ಇಟ್ಟರು. ಸುಮಾರು ಹತ್ತು ವರ್ಷ ಅವು ಹಾಗೇ ಬಿದ್ದಿದ್ದವು. ಆಮೇಲೆ ಇವು ಗುಂಡಲ್ಲ, ರಾಕೆಟ್ ಅಂತ ಗುರುತಾಯ್ತು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅಲ್ಲೇ ಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. 15 ಜನ, ಮೂರು ದಿನದ ಕೆಲಸ. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೀತಿತ್ತಂತೆ.

ಪ್ರಾಜೆಕ್ಟ್ ವೈವಾದಲ್ಲಿ ಎಕ್ಸ್‌ಟರ್ನಲ್ ಮೊದಲು ಕೇಳೋದು ಏನು? ಇದನ್ನ ಎಲ್ಲಿಂದ ತಂದ್ರಿ ಅಂತ. ವಸ್ತು ಒಂದೇ ಥರ ಇದ್ದಾಗ ಮೂಲ ಯಾವುದು, ನಕಲು ಯಾವುದು ಅಂತ ಹೇಳೋದು ಸುಲಭದ ಮಾತಲ್ಲ. ಈ ಕೊಳವೆಗಳ ವಿಷಯದಲ್ಲಿ ಆ ಪ್ರಶ್ನೆ ಇನ್ನೂ ದೊಡ್ಡದು. ಯಾಕಂದ್ರೆ ಇದೇ ಥರದ ಆಯುಧ ಒಬ್ಬ ಇಂಗ್ಲಿಷಿನವನ ಹೆಸರಿನಲ್ಲಿ ಯುರೋಪು, ಅಮೆರಿಕ ಎಲ್ಲ ಸುತ್ತಿ ಬಂತು. ಅವನ ಹೆಸರು ವಿಲಿಯಂ ಕಾಂಗ್ರೀವ್. ಈ ಸಂಚಿಕೆಯಲ್ಲಿ ಅವನ ಕಥೆ.

ಅಪ್ಪನ ಆಫೀಸು

ಕಾಂಗ್ರೀವ್ ಹುಟ್ಟಿದ್ದು 1772ರ ಮೇ 20ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ಅಪ್ಪನ ಹೆಸರೂ ವಿಲಿಯಂ ಕಾಂಗ್ರೀವ್. ಅಪ್ಪ ಫಿರಂಗಿ ದಳದ ದೊಡ್ಡ ಅಧಿಕಾರಿ, ಲಂಡನ್ ಪಕ್ಕದ ವೂಲ್‌ವಿಚ್‌ನಲ್ಲಿದ್ದ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥ. ಬ್ರಿಟಿಷ್ ಸೈನ್ಯಕ್ಕೆ ಬೇಕಾದ ಮದ್ದು ಗುಂಡು ತಯಾರಾಗುತ್ತಿದ್ದ, ಪರೀಕ್ಷೆಯಾಗುತ್ತಿದ್ದ ಜಾಗ ಅದು. ಎಚ್‌ಎಂಟಿ ಕ್ವಾರ್ಟರ್ಸ್‌ನಲ್ಲೋ ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲೋ ಬೆಳೆದವರಿಗೆ ಇದು ಅರ್ಥವಾಗುತ್ತೆ. ಫ್ಯಾಕ್ಟರಿ ಸೈರನ್ ಕೇಳಿಯೇ ಊಟದ ಹೊತ್ತು ಗೊತ್ತಾಗುವ ಮನೆಗಳು. ಕಾಂಗ್ರೀವ್‌ಗೆ ಕಾರ್ಖಾನೆ ಅನ್ನೋದು ಮನೆಯ ವಿಸ್ತರಣೆ.

ಆದರೆ ಹುಡುಗ ಇಂಜಿನಿಯರಿಂಗ್ ಓದಲಿಲ್ಲ. ಆಗ ಆ ಹೆಸರಿನ ಡಿಗ್ರಿಯೂ ಇರಲಿಲ್ಲ. ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು ಸೇರಿ 1793ರಲ್ಲಿ ಬಿ.ಎ. ಮುಗಿಸಿದ. ಲಂಡನ್‌ನಲ್ಲಿ ಕಾನೂನು ಓದಲು ಹೋದ. ಪತ್ರಿಕೆ ನಡೆಸಿದ, ಸರ್ಕಾರದ ಪರವಾಗಿ ಬರೆದ. ಮಾನನಷ್ಟ ಮೊಕದ್ದಮೆಯಲ್ಲಿ ಸಿಕ್ಕಿಹಾಕಿಕೊಂಡು 1804ರ ಹೊತ್ತಿಗೆ ಪತ್ರಿಕೆ ಬಿಟ್ಟ. 32 ವರ್ಷ, ಕೈಯಲ್ಲಿ ನೆಟ್ಟಗೆ ಒಂದು ಕೆಲಸ ಇಲ್ಲ. ಪ್ಲೇಸ್‌ಮೆಂಟ್ ಆಗಲಿಲ್ಲ ಅಂತ ಇಪ್ಪತ್ತೆರಡಕ್ಕೇ ಬದುಕು ಮುಗೀತು ಅಂದುಕೊಳ್ಳುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅವನಿಗೆ ಹೆಸರು ತಂದ ಕೆಲಸ ಶುರುವಾಗಿದ್ದೇ ಇಲ್ಲಿಂದ.

ಆದರೆ ಅದರ ಬೀಜ ಬಿದ್ದಿದ್ದು ಲಂಡನ್‌ನಲ್ಲಲ್ಲ. ಅದಕ್ಕಾಗಿ ನಾವು ಮತ್ತೆ ಮಲೆನಾಡಿಗೆ ಬರಬೇಕು.

ಇಲ್ಲಿ ನಡೀತಿದ್ದ ಕೆಲಸ

ಕಾಂಗ್ರೀವ್ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು, 1763ರಲ್ಲಿ, ಹೈದರ್ ಅಲಿ ಬಿದನೂರನ್ನು ಗೆದ್ದ. ಕೆಳದಿಯವರ ಸಂಪತ್ತಿನ ಜೊತೆ ಊರೂ ಮೈಸೂರಿನ ಪಾಲಾಯಿತು, ಹೆಸರು ಹೈದರ್‌ನಗರ ಆಯಿತು. ಈಗ ಉಳಿದಿರೋದು ಬರೀ ನಗರ. 1783ರ ಆರಂಭದಲ್ಲಿ ಇಂಗ್ಲಿಷರು ಅದನ್ನು ಹಿಡಿದರು, ಅದೇ ವರ್ಷ ಟಿಪ್ಪು ಸುಲ್ತಾನ್ ವಾಪಸ್ ಪಡೆದ. ರಾಕೆಟ್ ತಯಾರಾಗುತ್ತಿದ್ದ ಪೇಟೆಗಳಿಗೆ ತಾರಾಮಂಡಲ ಪೇಟೆ ಅಂತ ಹೆಸರು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗದ ಜೊತೆಗೆ ಬಿದನೂರಿನ ಹೆಸರೂ ಆ ಪಟ್ಟಿಯಲ್ಲಿದೆ.

ರಾಕೆಟ್ ಅನ್ನೋದು ಮೈಸೂರಿನವರು ಮೊದಲು ಕಂಡದ್ದೇನಲ್ಲ. ಚೀನಾದಲ್ಲಿ ಅದಕ್ಕೂ ನೂರಾರು ವರ್ಷ ಹಿಂದೆಯೇ ಇತ್ತು. ಭಾರತದ ಬೇರೆ ಸೈನ್ಯಗಳೂ ಬಾಣ ಅನ್ನೋ ಹೆಸರಲ್ಲಿ ಬಳಸುತ್ತಿದ್ದವು. ದೀಪಾವಳಿಗೆ ಹಾರಿಸುವ ರಾಕೆಟ್ಟಿಗೆ ಇವತ್ತಿಗೂ ಬಾಣ ಅನ್ನುವವರಿದ್ದಾರೆ. ಮೈಸೂರಿನವರು ಮಾಡಿದ ದೊಡ್ಡ ಕೆಲಸ ಕವಚದಲ್ಲಿದೆ. ಕಾಗದ, ಬಿದಿರು ಬಿಟ್ಟು ಸುತ್ತಿಗೆಯಲ್ಲಿ ಬಡಿದ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದರು.

ಇದರಿಂದ ಏನಾಯ್ತು ಅಂತ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದವರು ಊಹಿಸಬಹುದು. ತೆಳು ಸಿಲಿಂಡರಿನ ಒಳಗಿನ ಒತ್ತಡ ಏರಿದ ಹಾಗೆ ಗೋಡೆಯ ಹೂಪ್ ಸ್ಟ್ರೆಸ್ ಏರುತ್ತೆ. ಕಾಗದದ ಕವಚ ಬೇಗ ಹರಿಯುತ್ತೆ. ಅದಕ್ಕೇ ಮದ್ದನ್ನು ಸಡಿಲವಾಗಿ, ಸೌಮ್ಯವಾಗಿ ತುಂಬಬೇಕು. ಕಬ್ಬಿಣ ತಡೆಯುತ್ತೆ ಅಂತ ಗೊತ್ತಾದರೆ ಮದ್ದನ್ನು ಬಿಗಿಯಾಗಿ ತುಂಬಬಹುದು. ಒತ್ತಡ ಹೆಚ್ಚಾದಷ್ಟೂ ಮದ್ದು ವೇಗವಾಗಿ ಉರಿಯುತ್ತೆ, ಹೊಗೆ ಹೆಚ್ಚು ವೇಗದಲ್ಲಿ ಹೊರಬೀಳುತ್ತೆ, ತಳ್ಳುವ ಬಲ ಹೆಚ್ಚುತ್ತೆ. ಯುರೋಪಿನ ರಾಕೆಟ್ ಅರ್ಧ ಕಿಲೋಮೀಟರಿಗೆ ಸುಸ್ತಾಗುತ್ತಿದ್ದಾಗ ಇವು ಒಂದು ಕಿಲೋಮೀಟರಿನ ಆಸುಪಾಸು ಹೋಗುತ್ತಿದ್ದದ್ದು ಇದರಿಂದಲೇ. ಕೊಳವೆಗೆ ಚರ್ಮದ ಪಟ್ಟಿಯಿಂದ ಬಿದಿರು ಗಳವನ್ನೋ ಕತ್ತಿಯ ಅಲಗನ್ನೋ ಕಟ್ಟುತ್ತಿದ್ದರು. ಹಾರುವಾಗ ದಿಕ್ಕು ತಪ್ಪದಿರಲಿ ಅಂತ.

1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಸೋತಾಗ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದವು. ರಾಕೆಟ್ ತಾಗಿಯೇ ಸಿಡಿದವು ಅಂತ ಹಲವರು ಬರೆದಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ಯುದ್ಧದ ಚಿತ್ರ ಈಗಲೂ ಇದೆ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ ರಾತ್ರಿ ಹೊತ್ತು ರಾಕೆಟ್ ಮತ್ತು ಗುಂಡಿನ ಸುರಿಮಳೆಗೆ ಸಿಕ್ಕಿ ದಿಕ್ಕೆಟ್ಟ ಪಡೆಯ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಅದೇ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಯೊಳಗೆ ಇಂಗ್ಲಿಷರ ಕೈಗೆ 700 ತುಂಬಿದ ರಾಕೆಟ್‌ಗಳು, 9000 ಖಾಲಿ ಕೊಳವೆಗಳು ಸಿಕ್ಕವು ಅಂತ ಲೆಕ್ಕವಿದೆ. ಅಂಥ ಕೆಲವು ಮಾದರಿಗಳು ಹಡಗು ಹತ್ತಿ ವೂಲ್‌ವಿಚ್ ಸೇರಿದವು. ಕಾಂಗ್ರೀವ್‌ನ ಅಪ್ಪ ಕೆಲಸ ಮಾಡುತ್ತಿದ್ದ ಜಾಗಕ್ಕೇ.

ಸ್ವಂತ ದುಡ್ಡಿನ ಪ್ರಾಜೆಕ್ಟ್

1804ರಲ್ಲಿ ಕಾಂಗ್ರೀವ್ ಮಾಡಿದ ಮೊದಲ ಕೆಲಸ ಬಹಳ ಸರಳ. ಲಂಡನ್ ಪೇಟೆಯಲ್ಲಿ ಸಿಗುವ ಅತಿ ದೊಡ್ಡ ಬಾಣಬಿರುಸುಗಳನ್ನು ಕೈಯಿಂದ ದುಡ್ಡು ಹಾಕಿ ಕೊಂಡ, ಹಾರಿಸಿದ, ದೂರ ಅಳೆದ. 500–600 ಗಜ ಹೋದವು. ಭಾರತದ ರಾಕೆಟ್‌ಗಳು ಇದರ ಎರಡರಷ್ಟು ಹೋಗುತ್ತವೆ ಅನ್ನೋದು ಅವನಿಗೆ ಗೊತ್ತಿತ್ತು. ಎಲ್ಲಿ ಇದ್ದೇವೆ, ಎಲ್ಲಿಗೆ ಮುಟ್ಟಬೇಕು ಅನ್ನೋದು ಎರಡು ಅಂಕಿಗಳಲ್ಲಿ ಸ್ಪಷ್ಟವಾಯಿತು. ಸಿನಾಪ್ಸಿಸ್ ಬರೆಯುವಾಗ ನಾವು ಹಾರಿಸಿಬಿಡುವ ಹೆಜ್ಜೆ ಇದೇ.

ಅಪ್ಪನ ಪ್ರಭಾವದಿಂದ ವೂಲ್‌ವಿಚ್‌ನಲ್ಲಿ ಜಾಗ ಸಿಕ್ಕಿತು, ಕೆಲಸಗಾರರು ಸಿಕ್ಕರು. ಮದ್ದಿನ ಹದ ಬದಲಿಸಿದ, ತುಂಬುವ ಬಗೆ ಬದಲಿಸಿದ, ಕವಚದ ಅಳತೆ ಬದಲಿಸಿದ. ಒಂದೊಂದಾಗಿ ಬದಲಿಸಿ, ಪ್ರತಿ ಸಲ ಹಾರಿಸಿ, ಬರೆದಿಟ್ಟ. ಶುರುವಿನಲ್ಲಿ ಕವಚ ಕಾಗದದ್ದೇ ಇತ್ತು. 1806ರ ಹೊತ್ತಿಗೆ ಕಬ್ಬಿಣದ ತಗಡಿಗೆ ಬಂದ. ದೂರ 1500 ಗಜ ದಾಟಿತು. ಮುಂದೆ 32 ಪೌಂಡಿನ ರಾಕೆಟ್ 3000 ಗಜದ ಹತ್ತಿರ ಹೋಯಿತು. ಅಂದರೆ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು. ಅದರ ಬಾಲದ ಕೋಲೇ 15 ಅಡಿ.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಎರಡು ರಾಕೆಟ್‌ಗಳನ್ನು ಪಕ್ಕಪಕ್ಕ ಇಟ್ಟರೆ ಏನು ಕಾಣುತ್ತೆ?

ವೂಲ್‌ವಿಚ್‌ನಲ್ಲಿ ಉಳಿದ ಮೈಸೂರು ರಾಕೆಟ್‌ಗಳಲ್ಲಿ ಒಂದರ ಕೊಳವೆ 10 ಇಂಚು ಉದ್ದ, ಹೊರ ವ್ಯಾಸ 2.3 ಇಂಚು. ಇನ್ನೊಂದು 7.8 ಇಂಚು ಉದ್ದ, ಒಂದೂವರೆ ಇಂಚು ವ್ಯಾಸ. 2018ರಲ್ಲಿ ನಗರದ ಬಾವಿಯಲ್ಲಿ ಸಿಕ್ಕವು 23ರಿಂದ 26 ಸೆಂಟಿಮೀಟರ್, ಅಂದರೆ 9–10 ಇಂಚು. ವೂಲ್‌ವಿಚ್‌ನ ಮಾದರಿಗೂ ಮಲೆನಾಡಿನ ಬಾವಿಯ ಮಾದರಿಗೂ ಅಳತೆ ಹೊಂದುತ್ತೆ. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಲ್ಲಿ ಹೊಗೆ ಹೊರಬರುವ ತೂತಿದೆ. ಗುಂಡಿನಿಂದ ರಾಕೆಟ್ಟನ್ನು ಬೇರೆ ಮಾಡಿ ತೋರಿಸೋದು ಆ ತೂತೇ. ಅದರಲ್ಲಿ ಕೈಕೆಲಸದ ಗುರುತಿದೆ, ಒಂದಕ್ಕೂ ಇನ್ನೊಂದಕ್ಕೂ ಅಳತೆಯಲ್ಲಿ ಚೂರು ವ್ಯತ್ಯಾಸವಿದೆ.

ಕಾಂಗ್ರೀವ್ ರಾಕೆಟ್ಟಿನಲ್ಲಿ ಕಬ್ಬಿಣದ ಕವಚ ಹಾಗೇ ಇದೆ, ಪಕ್ಕಕ್ಕೆ ಕಟ್ಟಿದ ಕೋಲೂ ಹಾಗೇ ಇದೆ. ಬೇರೆಯಾಗಿದ್ದು ಅಳತೆಯ ಶಿಸ್ತು. ಇಷ್ಟು ಪೌಂಡಿನದ್ದಕ್ಕೆ ಇಷ್ಟೇ ಉದ್ದ, ಇಷ್ಟೇ ಮದ್ದು, ಇಷ್ಟು ಉದ್ದದ ಕೋಲು, ಇಷ್ಟು ಕೋನದಲ್ಲಿ ಹಾರಿಸಿದರೆ ಇಷ್ಟು ದೂರ ಅಂತ ಪಟ್ಟಿ ಮಾಡಿದ. ಊರಿಗೆ ಬೆಂಕಿ ಹಚ್ಚಲು ಒಂದು ಬಗೆಯ ತಲೆ, ಸಿಡಿಯಲು ಇನ್ನೊಂದು ಬಗೆ. 1815ರಲ್ಲಿ ಕೋಲನ್ನು ಪಕ್ಕದಿಂದ ತೆಗೆದು ಹಿಂಭಾಗದ ನಡುಮಧ್ಯಕ್ಕೆ ತಂದ, ಸುತ್ತ ಐದು ತೂತುಗಳಿಂದ ಹೊಗೆ ಬರುವಂತೆ ಮಾಡಿದ. ಪಕ್ಕದ ಕೋಲಿನಿಂದ ಭಾರ ಒಂದೇ ಕಡೆಗೆ ವಾಲುತ್ತಿತ್ತು, ಆ ತೊಂದರೆಗೆ ಅವನ ಉತ್ತರ ಇದು. ಇಲ್ಲಿಂದ ಮುಂದೆ ಅದು ನಕಲು ಅನ್ನುವ ಹಂತ ದಾಟಿತ್ತು.

ಹಾರಿದ್ದೆಲ್ಲಿ, ಬಿದ್ದದ್ದೆಲ್ಲಿ

1805ರ ನವೆಂಬರ್‌ನಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ಮೊದಲ ಪ್ರಯತ್ನ ಮಾಡಿದರು. ಹವಾಮಾನ ಕೆಟ್ಟು ಕೆಲಸ ಕೆಟ್ಟಿತು, ಜನ ನಕ್ಕರು. 1806ರ ಅಕ್ಟೋಬರ್ 8ರ ರಾತ್ರಿ ಅದೇ ಬಂದರಿನ ಮೇಲೆ ಅರ್ಧ ಗಂಟೆ ರಾಕೆಟ್ ಹಾರಿಸಿದರು. ಹಡಗುಗಳ ಬದಲು ಊರಿಗೆ ಬೆಂಕಿ ಬಿತ್ತು. ಗುರಿ ಅನ್ನೋದು ಈ ಆಯುಧಕ್ಕೆ ಕೊನೆವರೆಗೂ ಒಲಿಯಲಿಲ್ಲ.

1807ರ ಸೆಪ್ಟೆಂಬರ್‌ನಲ್ಲಿ ಕೋಪನ್‌ಹೇಗನ್. ಡೆನ್ಮಾರ್ಕಿನ ನೌಕಾಪಡೆ ನೆಪೋಲಿಯನ್ ಕೈಸೇರಬಾರದು ಅಂತ ಬ್ರಿಟಿಷರು ಮೂರು ರಾತ್ರಿ ಆ ಊರಿನ ಮೇಲೆ ಬಾಂಬು, ರಾಕೆಟ್ ಸುರಿಸಿದರು. ಊರಿನ ದೊಡ್ಡ ಚರ್ಚು ಸುಟ್ಟು ಬಿತ್ತು. ಸತ್ತವರಲ್ಲಿ ಯುದ್ಧಕ್ಕೆ ಸಂಬಂಧವಿಲ್ಲದ ಮಕ್ಕಳು, ಮುದುಕರು ಇದ್ದರು. ಕಾಂಗ್ರೀವ್ ಅಲ್ಲೇ ಇದ್ದ, ತನ್ನ ರಾಕೆಟ್‌ಗಳ ಕೆಲಸ ನೋಡುತ್ತಾ. ಇದನ್ನು ಬಿಟ್ಟು ಬರೀ ಇಂಜಿನಿಯರಿಂಗ್ ಕಥೆ ಹೇಳಿದರೆ ಅದು ಅರ್ಧ ಕಥೆ. ಸಾವಿರ ಗಜ ಹೆಚ್ಚಿಸಿದೆ ಅನ್ನೋ ಅಂಕಿಯ ಇನ್ನೊಂದು ತುದಿಯಲ್ಲಿ ಯಾರದೋ ಮನೆ ಇರುತ್ತೆ.

ಅಲ್ಲಿ ಸಿಡಿಯದೆ ಬಿದ್ದಿದ್ದ ರಾಕೆಟ್ಟನ್ನು ಡೆನ್ಮಾರ್ಕಿನ ಸೇನಾಧಿಕಾರಿಯೊಬ್ಬ ಬಿಚ್ಚಿ ನೋಡಿ, ತಾನೂ ಹಾಗೇ ಮಾಡಲು ಹೊರಟ. ಕೆಲವೇ ವರ್ಷದಲ್ಲಿ ಡೆನ್ಮಾರ್ಕಿಗೂ ಸ್ವಂತ ರಾಕೆಟ್ ಪಡೆ ಬಂತು. ನಕಲುಗಾರನ ನಕಲು! ಶ್ರೀರಂಗಪಟ್ಟಣದ ಖಾಲಿ ಕೊಳವೆ ವೂಲ್‌ವಿಚ್‌ಗೆ ಹೋದ ಹಾಗೆ ವೂಲ್‌ವಿಚ್‌ನ ಕೊಳವೆ ಕೋಪನ್‌ಹೇಗನ್‌ನಲ್ಲಿ ಪಾಠವಾಯಿತು.

1813ರ ಅಕ್ಟೋಬರ್‌ನಲ್ಲಿ ಲೈಪ್‌ಜಿಗ್‌ನಲ್ಲಿ ನೆಪೋಲಿಯನ್ ವಿರುದ್ಧ ಯುರೋಪಿನ ರಾಜರೆಲ್ಲ ಸೇರಿ ಕಾದಾಡಿದಾಗ ಬ್ರಿಟನ್ನಿನ ಕಡೆಯಿಂದ ಕಣದಲ್ಲಿದ್ದದ್ದು ರಾಕೆಟ್ ತುಕಡಿ ಮಾತ್ರ. ಅದರ ನಾಯಕ ಕ್ಯಾಪ್ಟನ್ ಬೋಗ್ ಅಲ್ಲೇ ಸತ್ತ. 1814ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಫೋರ್ಟ್ ಮೆಕ್‌ಹೆನ್ರಿ ಮೇಲೆ ಬ್ರಿಟಿಷ್ ಹಡಗುಗಳು ರಾತ್ರಿಯಿಡೀ ರಾಕೆಟ್ ಹಾರಿಸಿದವು. ಅದನ್ನು ನೋಡುತ್ತಿದ್ದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯ ಇವತ್ತು ಅಮೆರಿಕದ ರಾಷ್ಟ್ರಗೀತೆ. ಅದರಲ್ಲಿ ರಾಕೆಟ್‌ಗಳ ಕೆಂಪು ಬೆಳಕಿನ ಮಾತು ಬರುತ್ತೆ. ಒಲಿಂಪಿಕ್ಸ್‌ನಲ್ಲಿ ಆ ಹಾಡು ಕೇಳಿದಾಗಲೆಲ್ಲ ನನಗೆ ನಗರದ ಬಾವಿ ನೆನಪಾಗುತ್ತೆ.

ಸುಲ್ತಾನ್‌ಪೇಟೆಯ ಆ ರಾತ್ರಿ ಕಂಡಿದ್ದ ವೆಲ್ಲಿಂಗ್ಟನ್ ಮಾತ್ರ ಈ ಆಯುಧವನ್ನು ಮನಸ್ಸಿಟ್ಟು ನಂಬಲಿಲ್ಲ. ವಾಟರ್‌ಲೂನಲ್ಲೂ ರಾಕೆಟ್ ತುಕಡಿ ಇತ್ತು, ಆದರೆ ಅವನ ಒಲ್ಲದ ಮನಸ್ಸಿನಿಂದ. ಈಸ್ಟ್ ಇಂಡಿಯಾ ಕಂಪನಿ ಬೇರೆ ಥರ ಯೋಚಿಸಿತು. 1816ರಲ್ಲಿ ಬಂಗಾಳದ ಸೈನ್ಯದಲ್ಲಿ ರಾಕೆಟ್ ತುಕಡಿ ಕಟ್ಟಿತು. ಕಂಪನಿಗೆ ಒದಗಿಸಲೆಂದೇ ಕಾಂಗ್ರೀವ್ ಪೂರ್ವ ಲಂಡನ್‌ನಲ್ಲಿ ತನ್ನದೇ ಕಾರ್ಖಾನೆ ತೆರೆದ. ಹೀಗೆ ನಮ್ಮಿಂದ ಹೋದದ್ದು ಬೇರೆ ಹೆಸರು ಹೊತ್ತು, ಬೆಲೆಪಟ್ಟಿ ಸಮೇತ, ಭಾರತಕ್ಕೇ ವಾಪಸ್ ಬಂತು.

ಹಾಗಾದರೆ ಇದು ಯಾರದು?

ಕಾಂಗ್ರೀವ್ 1807ರಲ್ಲಿ ತನ್ನ ರಾಕೆಟ್ ವ್ಯವಸ್ಥೆ ಹುಟ್ಟಿ ಬೆಳೆದ ಬಗೆಯ ಬಗ್ಗೆ ಪುಸ್ತಕ ಬರೆದ. 1814ರಲ್ಲಿ ಚಿತ್ರಗಳ ಸಮೇತ ಇನ್ನೊಂದು, 1827ರಲ್ಲಿ ಮತ್ತೊಂದು. ಭಾರತದಲ್ಲಿ ರಾಕೆಟ್ ಬಳಕೆಯಲ್ಲಿತ್ತು ಅನ್ನೋದನ್ನು ಅವನು ಮುಚ್ಚಿಡಲಿಲ್ಲ. ಆದರೆ ಅದನ್ನು ಹಿನ್ನೆಲೆಗೆ ತಳ್ಳಿ, ಸಮುದ್ರದಲ್ಲೂ ನೆಲದಲ್ಲೂ ಬಳಸಬಹುದಾದ ಪೂರ್ತಿ ವ್ಯವಸ್ಥೆ ತನ್ನ ಸ್ವಂತ ಕಲ್ಪನೆ ಅಂತ ನಿಲ್ಲಿಸಿದ. ಇನ್ನೊಂದು ವಾದವೂ ಇದೆ. 1803ರಲ್ಲಿ ಐರ್ಲೆಂಡಿನ ರಾಬರ್ಟ್ ಎಮ್ಮೆಟ್ ಬ್ರಿಟಿಷರ ವಿರುದ್ಧ ದಂಗೆ ಎದ್ದಾಗ ಅವನ ಕಡೆಯವರು ಡಬ್ಲಿನ್‌ನಲ್ಲಿ ಗುಟ್ಟಾಗಿ ರಾಕೆಟ್ ಮಾಡಿದ್ದರು. ಕಾಂಗ್ರೀವ್ ಅಲ್ಲಿಂದಲೂ ಕಲಿತ ಅನ್ನುವವರಿದ್ದಾರೆ.

ನಮ್ಮ ಕಡೆಯಿಂದ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ಬೆಂಗಳೂರಿನ ಏರೋಸ್ಪೇಸ್ ವಿಜ್ಞಾನಿ ರೊದ್ದಂ ನರಸಿಂಹ. 1985ರಲ್ಲಿ ಅವರು ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಒಂದು ದೀರ್ಘ ಅಧ್ಯಯನ ಬರೆದರು. ಅವರನ್ನು ಕಾಡಿದ ಪ್ರಶ್ನೆ ಬರೀ ಯಾರು ಮೊದಲು ಅನ್ನೋದಲ್ಲ. ಮುಂದಿದ್ದವರು ಹಿಂದೆ ಬಿದ್ದದ್ದು ಹೇಗೆ ಅನ್ನೋದು. ಅಬ್ದುಲ್ ಕಲಾಂ ಅಮೆರಿಕದ ವ್ಯಾಲಪ್ಸ್ ನೆಲೆಗೆ ಹೋದಾಗ ಅಲ್ಲಿನ ಗೋಡೆಯಲ್ಲಿ ಟಿಪ್ಪುವಿನ ಸೈನ್ಯದ ರಾಕೆಟ್ ಚಿತ್ರ ಕಂಡು ಆಶ್ಚರ್ಯಪಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ವಾಟ್ಸ್ಯಾಪ್‌ನಲ್ಲಿ ಆ ಕಥೆ ಓಡಾಡುತ್ತೆ. ಹೆಮ್ಮೆಪಟ್ಟು ಫಾರ್ವರ್ಡ್ ಮಾಡ್ತೀವಿ, ಅಲ್ಲಿಗೆ ನಿಲ್ಲಿಸ್ತೀವಿ.

ನನ್ನ ಓದಿಗೆ ತಿಳಿದಷ್ಟು ಇದು. ಕಬ್ಬಿಣದ ಕವಚ ಅನ್ನೋ ಮುಖ್ಯ ಯೋಚನೆಯ ಊರು ಮೈಸೂರು ರಾಜ್ಯ. ಅದನ್ನು ಅಳತೆಗೆ, ಪಟ್ಟಿಗೆ, ಪುಸ್ತಕಕ್ಕೆ ಇಳಿಸಿದ ಊರು ವೂಲ್‌ವಿಚ್. ಎರಡೂ ನಿಜ. ಮೊದಲನೆಯದನ್ನು ಮರೆತರೆ ಅನ್ಯಾಯ, ಎರಡನೆಯದನ್ನು ಮರೆತರೆ ನಮಗೇ ನಷ್ಟ.

ಎಲ್ಲದಕ್ಕೂ ಒಂದು ಪೇಟೆಂಟ್

1811ರಲ್ಲಿ ಕಾಂಗ್ರೀವ್ ರಾಯಲ್ ಸೊಸೈಟಿಯ ಫೆಲೋ ಆದ. 1812ರಲ್ಲಿ ಪಾರ್ಲಿಮೆಂಟ್ ಸದಸ್ಯನಾದ. ರಾಜಕುಮಾರ ಜಾರ್ಜ್‌ನ ಆಪ್ತನಾಗಿದ್ದ. ಸೈನ್ಯದಲ್ಲಿ ಅವನಿಗಿದ್ದ ಹುದ್ದೆ ಜರ್ಮನಿಯ ಹ್ಯಾನೋವರ್ ಪಡೆಯದ್ದು. ಹೀಗಾಗಿ ವೂಲ್‌ವಿಚ್‌ನ ಖಾಯಂ ಅಧಿಕಾರಿಗಳಿಗೆ ಇವನನ್ನು ಕಂಡರೆ ಅಷ್ಟಕ್ಕಷ್ಟೆ. 1814ರಲ್ಲಿ ಅಪ್ಪ ತೀರಿಕೊಂಡ ಮೇಲೆ ಸರ್ ಪದವಿಯೂ ಬಂತು, ಅಪ್ಪನ ಕುರ್ಚಿಯೂ ಬಂತು. ಅದೇ ವರ್ಷ ಆಗಸ್ಟ್ 1ರಂದು ಲಂಡನ್ ಪಾರ್ಕುಗಳಲ್ಲಿ ಶಾಂತಿಯ ಸಂಭ್ರಮಕ್ಕೆ ಭಾರಿ ಬಾಣಬಿರುಸು ಏರ್ಪಡಿಸಿದ. ಕೆರೆಯ ಸೇತುವೆ ಮೇಲೆ ಕಟ್ಟಿದ್ದ ಚೀನೀ ಶೈಲಿಯ ಗೋಪುರ ಬೆಂಕಿ ಹತ್ತಿ ಸುಟ್ಟುಹೋಯಿತು.

ಅವನ ತಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಕಾಲುವೆಯಲ್ಲಿ ದೋಣಿ ಏರಿಸಿ ಇಳಿಸಲು ಗಾಳಿ ಒತ್ತಡದ ಲಾಕ್ ವಿನ್ಯಾಸ ಮಾಡಿದ. ಲಂಡನ್ನಿನ ರೀಜೆಂಟ್ಸ್ ಕಾಲುವೆಯವರು ನಂಬಿ ಕಟ್ಟಿಸಿ, ಅದು ಕೆಲಸ ಮಾಡದೆ, ಕೊನೆಗೆ ಮಾಮೂಲಿ ಲಾಕ್ ಹಾಕಿಸಿದರು. ನೋಟು ನಕಲು ಮಾಡಲಾಗದಂತೆ ಎರಡು ಬಣ್ಣದಲ್ಲಿ ಒಟ್ಟಿಗೆ ಅಚ್ಚು ಹಾಕುವ ವಿಧಾನ ಕಂಡುಹಿಡಿದ, ಅದು ಬಳಕೆಗೆ ಬಂತು. ನಕಲು ಮಾಡಿ ಹೆಸರು ಪಡೆದವನು ನಕಲು ತಡೆಯುವ ವಿದ್ಯೆಗೂ ಪೇಟೆಂಟ್ ಪಡೆದ! 1808ರಲ್ಲಿ ಒಂದು ಗಡಿಯಾರ ಮಾಡಿದ. ಓರೆಯಾದ ಹಲಗೆ ಮೇಲಿನ ಅಂಕುಡೊಂಕು ಹಾದಿಯಲ್ಲಿ ಚಿಕ್ಕ ಗುಂಡು ಉರುಳುತ್ತೆ, ಕೊನೆಗೆ ತಲುಪಿದಾಗ ಹಲಗೆ ಮಗುಚಿ ಗುಂಡು ವಾಪಸ್ ಉರುಳುತ್ತೆ. ನೋಡಲು ಬಲು ಚೆಂದ, ಸಮಯ ಮಾತ್ರ ಸರಿ ತೋರಿಸೋಲ್ಲ. ಹಲಗೆಗೆ ಸ್ವಲ್ಪ ಧೂಳು ಬಿದ್ದರೂ ಲೆಕ್ಕ ತಪ್ಪುತ್ತೆ. ಇವತ್ತು ಜನ ಇಷ್ಟಪಟ್ಟು ಕೊಳ್ಳೋದು ಅದರ ಹೊಸ ನಕಲುಗಳನ್ನ. ಎಂದೂ ನಿಲ್ಲದೆ ಓಡುವ ಯಂತ್ರದ ಹುಚ್ಚೂ ಅವನಿಗಿತ್ತು. ಥರ್ಮೋಡೈನಮಿಕ್ಸ್ ನಿಯಮಗಳು ಇನ್ನೂ ಪುಸ್ತಕಕ್ಕೆ ಬಂದಿರಲಿಲ್ಲ, ಮನ್ನಿಸೋಣ.

ಕಬ್ಬಿಣವೇ ಮುಳುವಾಯ್ತು

1820ರ ದಶಕದಲ್ಲಿ ಲಂಡನ್‌ಗೆ ಷೇರಿನ ಜ್ವರ ಹತ್ತಿತ್ತು. ಗ್ಯಾಸ್ ಕಂಪನಿ, ಗಣಿ ಕಂಪನಿ ಅಂತ ದಿನಕ್ಕೊಂದು ಹುಟ್ಟುತ್ತಿದ್ದವು. ಕಾಂಗ್ರೀವ್ ಅಂಥ ಹಲವು ಕಂಪನಿಗಳಿಗೆ ಹೆಸರು ಕೊಟ್ಟ, ಕುರ್ಚಿ ಹತ್ತಿದ. ಅದರಲ್ಲಿ ಒಂದು ಐರ್ಲೆಂಡಿನ ಅರಿಗ್ನಾ ಕಬ್ಬಿಣ ಮತ್ತು ಕಲ್ಲಿದ್ದಲು ಕಂಪನಿ. ಗಣಿಯನ್ನು ಕೊಂಡ ಬೆಲೆಗಿಂತ ಹೆಚ್ಚು ಬೆಲೆಯನ್ನು ಕಾಗದದಲ್ಲಿ ತೋರಿಸಿ, ನಡುವಿನ ದುಡ್ಡನ್ನು ಕೆಲವರು ಹಂಚಿಕೊಂಡರು ಅನ್ನೋ ಆರೋಪ ಎದ್ದಿತು. 1826ರಲ್ಲಿ ಹಗರಣ ಹೊರಬಿತ್ತು. ಕಾಂಗ್ರೀವ್ ಇಂಗ್ಲೆಂಡ್ ಬಿಟ್ಟು ಫ್ರಾನ್ಸಿಗೆ ಹೋದ. ಒಂದು ಕಾಲದಲ್ಲಿ ಯಾವ ದೇಶದ ಬಂದರಿಗೆ ಬೆಂಕಿ ಹಚ್ಚಿದ್ದನೋ ಅದೇ ದೇಶಕ್ಕೆ.

ವಾಪಸ್ ಬರಲಿಲ್ಲ. 1828ರ ಮೇ 16ರಂದು ತುಲೂಸ್‌ನಲ್ಲಿ ತೀರಿಕೊಂಡ. 56 ತುಂಬಲು ನಾಲ್ಕು ದಿನ ಬಾಕಿ ಇತ್ತು. ಅಲ್ಲೇ ಮಣ್ಣು ಮಾಡಿದರು. ಅವನು ಸತ್ತ ಸ್ವಲ್ಪದರಲ್ಲೇ ಅರಿಗ್ನಾ ವ್ಯವಹಾರ ಮೋಸದ್ದು ಅಂತ ಲಂಡನ್ ನ್ಯಾಯಾಲಯ ತೀರ್ಪು ಕೊಟ್ಟಿತು. ಒಂದೊಂದು ಗಜವನ್ನೂ ಅಳೆದು ಬರೆದಿಟ್ಟ ಮನುಷ್ಯ ಕೊನೆಗೆ ಸುಳ್ಳು ಲೆಕ್ಕದಲ್ಲಿ ಸಿಕ್ಕಿಬಿದ್ದ. ಅವನನ್ನು ಎತ್ತಿದ್ದೂ ಬರಹವೇ, ಬೀಳಿಸಿದ್ದೂ ಬರಹವೇ.

ಬೆಂಕಿಪುರದ ಮಾತು

ಈ ಕಥೆ ಓದಿದ ಮೇಲೆ ನನಗೆ ಕಾಂಗ್ರೀವ್‌ಗಿಂತ ಹೆಚ್ಚು ಕಾಡಿದ್ದು ನಗರದ ಬಾವಿ. ಅಲ್ಲಿ ಸಿಕ್ಕ ಸಾವಿರ ಕೊಳವೆಗಳನ್ನು ಬಡಿದವರು ಯಾರು? ಕಬ್ಬಿಣ ಕರಗಿಸಿದವರು ಯಾರು, ಮದ್ದು ಅರೆದವರು ಯಾರು? ಒಬ್ಬರ ಹೆಸರೂ ನಮ್ಮ ಮುಂದಿಲ್ಲ. ಒತ್ತಡ ತಡೆಯುವಷ್ಟು ದಪ್ಪ, ಹಾರುವಷ್ಟು ಹಗುರ ಅನ್ನೋ ಹದವನ್ನು ಸೂತ್ರವಿಲ್ಲದೆ ಕೈಯಲ್ಲೇ ಹಿಡಿದವರು ಅವರು. ಆ ಹದ ಅಪ್ಪನಿಂದ ಮಗನಿಗೆ ಹೋಗುತ್ತಿತ್ತು. ಯುದ್ಧ ಸೋತ ಮೇಲೆ ಕೆಲಸ ನಿಂತಿತು, ಕೆಲಸ ನಿಂತ ಮೇಲೆ ಹದವೂ ಹೋಯಿತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯವರು ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು ಸೀಮೆ ಸುತ್ತಲು ಕಳಿಸಿದರು. ಮಧುಗಿರಿ ಸುತ್ತಿನ ಕಬ್ಬಿಣದ ಕುಲುಮೆಗಳನ್ನು ನೋಡಿ ಎಷ್ಟು ಅದಿರು, ಎಷ್ಟು ಇದ್ದಿಲು, ಎಷ್ಟು ಆಳು, ಎಷ್ಟು ಕೂಲಿ ಅಂತ ಎಲ್ಲ ಬರೆದುಕೊಂಡ. ನಮ್ಮ ಕುಲುಮೆಗಳ ಲೆಕ್ಕ ತಿಳಿಯಲು ನಾವು ಇವತ್ತು ತೆರೆಯುವುದು ಅವನ ಪುಸ್ತಕವನ್ನ.

ನಮ್ಮ ಮನೆ ಇರೋದು ಭದ್ರಾವತಿಯಲ್ಲಿ. ಆ ಊರಿನ ಹಳೇ ಹೆಸರು ಬೆಂಕಿಪುರ. 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು, 1923ರಲ್ಲಿ ಉತ್ಪಾದನೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು. ಹಳೇ ಕುಲುಮೆಯವರು ಬಳಸುತ್ತಿದ್ದ ಅದೇ ಇದ್ದಿಲು, ಊದುಕುಲುಮೆ ಮಾತ್ರ ಆಕಾಶದೆತ್ತರ. ಶುರುವಿನಲ್ಲಿ ನಷ್ಟದಲ್ಲಿದ್ದ ಕಾರ್ಖಾನೆಯನ್ನು ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು ಎತ್ತಿ ನಿಲ್ಲಿಸಿದರು. ಮುಂದೆ ಅದಕ್ಕೆ ಅವರ ಹೆಸರೇ ಬಂತು. ಇವತ್ತು ವಿಐಎಸ್‌ಎಲ್ ಉಳಿಯುತ್ತಾ ಮುಚ್ಚುತ್ತಾ ಅನ್ನೋದು ಊರಿನ ಪ್ರತಿ ಟೀ ಅಂಗಡಿಯ ಮಾತು. ಕಾರ್ಖಾನೆಯ ಭವಿಷ್ಯ ನಮ್ಮ ಕೈಯಲ್ಲಿಲ್ಲ. ಆದರೆ ಕುಲುಮೆ ಮುಂದೆ ಮೂವತ್ತು ವರ್ಷ ನಿಂತು, ಬಣ್ಣ ನೋಡಿಯೇ ಉಕ್ಕಿನ ಬಿಸಿ ಹೇಳುತ್ತಿದ್ದ ಅಜ್ಜಂದಿರು ಇನ್ನೂ ಊರಿನ ಜಗಲಿಗಳಲ್ಲಿ ಕೂತಿದ್ದಾರೆ. ಮೆಕ್ಯಾನಿಕಲ್‌ನವರೇ, ಮೆಟಲರ್ಜಿ ಎಲೆಕ್ಟಿವ್ ತಗೊಂಡವರೇ, ಒಂದು ಭಾನುವಾರ ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂತುಕೊಳ್ಳಿ. ಏನು ಮಾಡ್ತಿದ್ರಿ, ಹೇಗೆ ಮಾಡ್ತಿದ್ರಿ ಅಂತ ಕೇಳಿ, ಅವರ ಹೆಸರು ಹಾಕಿ ಬರೆದಿಡಿ. ಬರೆದದ್ದನ್ನು ನಮ್ಮ ಸಂಘಕ್ಕೆ ಕಳಿಸಿ, ಇದೇ ಪತ್ರಿಕೆಯಲ್ಲಿ ಹಾಕೋಣ.

ಇನ್ನೊಂದು ಮಾತು. ಮುಂದಿನ ಸೆಮಿಸ್ಟರ್ ರಿಪೋರ್ಟ್ ಬರೆಯುವಾಗ ಯಾರದೋ ಕೋಡ್, ಯಾರದೋ ಡ್ರಾಯಿಂಗ್ ತಗೊಂಡೇ ತಗೋತೀವಿ. ತಗೊಳ್ಳೋದು ತಪ್ಪಲ್ಲ, ಕಾಂಗ್ರೀವ್ ಕೂಡ ತಗೊಂಡ. ತಗೊಂಡದ್ದನ್ನು ಅಳೆದು, ತಿದ್ದಿ, ಮುಂದಕ್ಕೆ ಒಯ್ದರೆ ಅದು ಇಂಜಿನಿಯರಿಂಗ್. ಎಲ್ಲಿಂದ ತಗೊಂಡೆ ಅನ್ನೋದನ್ನು ಮೊದಲ ಪುಟದಲ್ಲೇ ಸರಿಯಾಗಿ ಬರೆದರೆ ಅದು ಮರ್ಯಾದೆ. ಕಾಂಗ್ರೀವ್ ಮೊದಲನೆಯದನ್ನು ಚೆನ್ನಾಗಿ ಮಾಡಿದ, ಎರಡನೆಯದನ್ನು ಅರ್ಧಕ್ಕೆ ಬಿಟ್ಟ. ಆ ಅರ್ಧವನ್ನು ಪೂರ್ತಿ ಮಾಡಲು ಒಂದು ಪಾಳು ಬಾವಿಯ ಮಣ್ಣನ್ನೇ ಅಗೆಯಬೇಕಾಯಿತು.